ಗಾಡಿ ಬರುವ ಮುನ್ನ ಕಟ್ಟುವ ಹಗ್ಗ

ಜೂನ್ ಎರಡನೆಯ ವಾರ. ಮಳೆ ಇನ್ನೂ ಹಿಡಿದಿಲ್ಲ. ಆಂಟಾಪ್ ಹಿಲ್ ಮೇಲೆ ಮೋಡ ಒದ್ದೆ ಕಂಬಳಿಯಂತೆ ಇಳಿಬಿದ್ದಿದೆ. ಕಾಲೋನಿಯ ಹಿಂದಿನ ಗಲ್ಲಿಯಲ್ಲಿ ರಾಚವ್ವ ಉದ್ದ ಹಿಡಿಯ ಪೊರಕೆಯನ್ನು ಗೋಡೆಗೆ ಒರಗಿಸಿ, ಸೊಂಟಕ್ಕೆ ಸುತ್ತಿದ ಹಗ್ಗ ಬಿಚ್ಚುತ್ತಾರೆ. ಕಂದು ಬಣ್ಣದ ಹೆಣ್ಣು ನಾಯಿಯೊಂದು ತಾನಾಗಿ ಬಂದು ಕತ್ತು ಕೊಡುತ್ತದೆ. ಹಗ್ಗದ ಒಂದು ತುದಿ ಅದರ ಕೊರಳಿಗೆ, ಇನ್ನೊಂದು ಗಟಾರದ ಪಕ್ಕದ ಕಂಬಕ್ಕೆ. ನಾಯಿಯ ಹೆಸರು ಕೆಂಚಿ.

“ಇವತ್ತ ನಾಯಿ ಹಿಡಿಯೋ ಗಾಡಿ ಬರೂ ದಿನ ಐತ್ರಿ,” ಎನ್ನುತ್ತಾರೆ. “ಕಟ್ಟಿದ ನಾಯಿ ಅಂದರ ಮಾಲಕರದು, ಅದನ್ನ ಅವರು ಮುಟ್ಟಂಗಿಲ್ಲ. ಬಿಟ್ಟಿದ್ದು ಹೋದರ ತಿರುಗಿ ಬರಂಗಿಲ್ಲ.”

ಇಂಡಿ ಕಡೆಯ ರಾಚವ್ವನಿಗೆ ಈ ಪೊರಕೆ ಗಂಡನಿಂದ ಬಂದದ್ದು. ಮುನ್ಸಿಪಾಲಿಟಿಯಲ್ಲಿ ರಸ್ತೆ ಗುಡಿಸುತ್ತಿದ್ದ ಆತ ಎಂಬತ್ತೆರಡನೆಯ ಇಸವಿಯಲ್ಲಿ ತೀರಿಕೊಂಡ ಮೇಲೆ ಕೆಲಸ ಇವರಿಗೆ ಸಿಕ್ಕಿತು. ಐದೂವರೆಗೆ ಹಾಜರಿ, ಮಧ್ಯಾಹ್ನದೊಳಗೆ ನಾಲ್ಕು ಗಲ್ಲಿ. ಊರಲ್ಲಿ ಕರುವಿಗೆ ಹಾಕುತ್ತಿದ್ದ ಗಂಟನ್ನೇ ನಾಯಿಗೆ ಹಾಕುತ್ತಾರೆ. ಎಷ್ಟು ಜಗ್ಗಿದರೂ ಕೊರಳು ಬಿಗಿಯದು. ಗಾಡಿ ಹೋದ ಕೂಡಲೇ ಬಿಚ್ಚುತ್ತಾರೆ.

ಕಾಲೋನಿಯವರೂ ಇದನ್ನು ನೋಡಿ ಕಟ್ಟಲು ಕಲಿತರು, ಬಿಚ್ಚಲು ಮರೆತರು. ಈಗ ಮೆಟ್ಟಿಲ ಕೆಳಗೆ, ಸೈಕಲ್ ಸ್ಟ್ಯಾಂಡಿನಲ್ಲಿ, ಎಲ್ಲಿ ನೋಡಿದರೂ ಮಾರುದ್ದದ ಹಗ್ಗದಲ್ಲಿ ನಾಯಿ ಸುತ್ತುತ್ತಿರುತ್ತದೆ. ಕೊರಳ ಕೂದಲುದುರಿ ಹುಣ್ಣಾಗಿದೆ. ರಾಚವ್ವ ಕಸದ ಗಾಡಿಯಲ್ಲಿ ನೀರಿನ ಡಬ್ಬ ಇಟ್ಟುಕೊಂಡು ಒಂದೊಂದಕ್ಕೂ ಸುರಿಯುತ್ತ ಹೋಗುತ್ತಾರೆ. “ನಾ ಹಾಕಿಕೊಟ್ಟ ದಾರಿರಿ ಇದು. ಯಾರಿಗೆ ಬೈಲಿ?”

ಹೋದ ವರ್ಷ ಕೆಂಚಿಯ ತಾಯಿಯನ್ನು ಇದೇ ಕಂಬಕ್ಕೆ ಕಟ್ಟಿದ್ದಾಗ ಗುಡಿಸುವವರ ಮೇಲ್ವಿಚಾರಕನಾದ ಮುಕಾದಮ ಬೇರೆ ಕಡೆಯ ಗಟಾರ ತೆಗೆಯಲು ರಾಚವ್ವನನ್ನು ಕರೆದೊಯ್ದ. ಮಳೆ ಸುರಿದು ಗಲ್ಲಿ ತುಂಬಿತು. ತಿರುಗಿ ಬಂದಾಗ ಹಗ್ಗ ಬಿಗಿದುಕೊಂಡು ನೀರೊಳಗೆ ಇಳಿದಿತ್ತು. “ಬಿಟ್ಟಿದ್ದರ ಈಜಿ ಹೋಗತಿತ್ತು. ಅದರ ಮರಿ ಇದು. ಆಕೀ ಋಣ ಇದರ ಮ್ಯಾಲೆ ತೀರಿಸಬೇಕ್ರಿ.”

ಏಳು ಗಂಟೆಯ ಹೊತ್ತಿಗೆ ಹನಿ ಬೀಳುತ್ತದೆ. ಗಾಡಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಮುಕಾದಮನ ಸೀಟಿ. ಸ್ಟೇಷನ್ ಕಡೆ ಗಟಾರ ಕಟ್ಟಿಕೊಂಡಿದೆಯಂತೆ, ಎಲ್ಲರೂ ನಡೆಯಬೇಕು. ರಾಚವ್ವ ನೆಲಮಹಡಿಯ ಕಿಟಕಿಗೆ ಓಡುತ್ತಾರೆ. ಒಳಗೆ ಮೈಸೂರು ಕಡೆಯ ವನಮಾಲಾ ಚಪಾತಿ ಲಟ್ಟಿಸುತ್ತಿದ್ದಾರೆ.

“ಬಾಯಾರ, ಗಾಡಿ ಹೋಗೂತನಕ ನನ್ನ ನಾಯಿ ಹಗ್ಗ ಹಿಡೀರಿ. ನೀರು ಏರಿದರ ಬಿಟ್ಟುಬಿಡ್ರಿ.”

“ಇವ್ರ ಊಟದ ಡಬ್ಬ ಆಗ್ಬೇಕು ರಾಚವ್ವ. ಲೋಕಲ್ ಟ್ರೇನ್ ತಪ್ಪಿದ್ರೆ ನನ್ನನ್ನೇ ಆ ಕಂಬಕ್ಕೆ ಕಟ್ತಾರೆ.”

“ನಿಮ್ಮ ಕಿಟಕಿ ಸರಳಿಗೆ ಕಟ್ಟಲೇನ್ರಿ?”

“ಅಲ್ಲೊಂದು ಆಗ್ಲೇ ಇದೆಯಲ್ಲ. ಇನ್ನೊಂದು ತಂದ್ರೆ ಸೊಸೈಟಿಯವರು ಎರಡನ್ನೂ ಓಡಿಸ್ತಾರೆ.”

ಮತ್ತೆ ಸೀಟಿ. ಮಳೆ ದಪ್ಪಗಾಗುತ್ತದೆ. ರಾಚವ್ವ ಕಂಬದ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಕೊರಳ ಗಂಟು ಬಿಚ್ಚಿ, ನಾಯಿಯ ಬೆನ್ನಿಗೊಂದು ಏಟು ಹಾಕಿ, “ಹೋಗ, ಮ್ಯಾಲಕ್ಕ ಹೋಗ” ಎಂದು ಗದರುತ್ತಾರೆ. ಕೆಂಚಿ ಹೋಗುವುದಿಲ್ಲ. ಬೆಳಿಗ್ಗೆ ಕೊರಳಿಗೆ ಹಗ್ಗ ಬಿದ್ದರೆ ಕಂಬದ ಬುಡದಲ್ಲಿ ಕೂರುವುದು ಅದಕ್ಕೆ ರೂಢಿ. ಇಂದೂ ಅಲ್ಲೇ ಕೂರುತ್ತದೆ.

ಸ್ಟೇಷನ್ ಕಡೆಯ ಗಟಾರದಲ್ಲಿ ಮೊಣಕೈವರೆಗೆ ರಾಡಿ. ಬುಟ್ಟಿ ಎತ್ತಿದಾಗಲೆಲ್ಲ ರಾಚವ್ವನ ಕಣ್ಣು ಆಕಾಶಕ್ಕೆ. ಅರ್ಧ ತಾಸಿನಲ್ಲಿ ಮಳೆ ನಿಂತು ಬಿಸಿಲೇ ಬೀಳುತ್ತದೆ.

ತಿರುಗಿ ಬರುವಾಗ ಗಲ್ಲಿಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ತಿರುವಿನಲ್ಲಿ ಗಾಡಿ ನಿಂತಿದೆ. ನಾಯಿ ಹಿಡಿಯುವ ಪೂವಪ್ಪ, ಮಂಗಳೂರು ಕಡೆಯವನು, ಹಿಂಬಾಗಿಲ ಚಿಲಕ ಹಾಕಿದ್ದಾನೆ. ರಾಚವ್ವನನ್ನು ಕಂಡು ಅವನ ಕೈ ಚಿಲಕದ ಮೇಲೇ ಉಳಿಯುತ್ತದೆ.

“ಕೊರಳಲ್ಲಿ ಹಗ್ಗ ಇರ್ಲಿಲ್ಲ ಅಕ್ಕ. ನಿಮ್ಮದೂಂತ ನಂಗೆ ಗೊತ್ತುಂಟು. ಆದ್ರೆ ಮುಂದೆ ಸಾಹೇಬ್ರು ಕೂತಿದ್ದಾರೆ. ಎಂಥ ಮಾಡುದು?” ದನಿ ತಗ್ಗಿಸುತ್ತಾನೆ. “ಅದು ಓಡ್ಲೂ ಇಲ್ಲ. ನಾನು ಕುಣಿಕೆ ಹಿಡಿದ್ರೆ ಬಂದು ಕತ್ತು ಕೊಟ್ಟಿತು.”

ಗಾಡಿ ಹೋಗುತ್ತದೆ. ರಾಚವ್ವ ಕಂಬದಲ್ಲಿ ಉಳಿದ ಒದ್ದೆ ಹಗ್ಗವನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು, ವನಮಾಲಾ ಅವರ ಕಿಟಕಿಗೆ ಕಟ್ಟಿದ ನಾಯಿಯ ಬಟ್ಟಲಿಗೆ ನೀರು ಸುರಿಯುತ್ತಾರೆ. ಅದು ಕುಡಿದು ಮುಗಿಸುವವರೆಗೂ ನಿಲ್ಲುತ್ತಾರೆ.

“ತಾಯಿ ಋಣ ಹಂಗ ಉಳದಿತ್ತು,” ಎನ್ನುತ್ತಾರೆ ಪೊರಕೆ ಎತ್ತಿಕೊಳ್ಳುತ್ತ. “ಈಗ ಮಗಳದೂ ಕೂಡ್ತು.”