ಬಲಗಡೆಯ ಗೋಡೆಯೊಳಗೆ ಹೋದ ಬಾಣ

ಢುಮ್, ಡುಡುಮ್. ಮರದ ಡೋಲಿಗೆ ಯಾರೋ ಅಂಗೈಯಿಂದ ಮೆಲ್ಲಗೆ ತಟ್ಟಿದ ಹಾಗೆ. ನನ್ನ ಕಂಪ್ಯೂಟರ್ ಎಚ್ಚೆತ್ತು, ಇನ್ನು ನಿನ್ನ ಹೆಸರು ಹೇಳಿ ಒಳಗೆ ಬಾ ಎನ್ನುವ ಹೊತ್ತಿಗೆ ಬರುತ್ತಿದ್ದ ಸದ್ದು ಅದು. ಕಂಪ್ಯೂಟರನ್ನು ನಡೆಸುವ ಈಗಿನ ಲಿನಕ್ಸ್‌ನಲ್ಲಿ ಅದು ಇಲ್ಲ. ಹಳೆಯ ಆವೃತ್ತಿಯೊಂದರಿಂದ ಹುಡುಕಿ ತೆಗೆದು ಹಾಕಿಕೊಟ್ಟವರು ಸಿಸ್ಟರ್. ಆ ಒಂದು ಸಂಜೆ ಅದನ್ನು ಆರೇಳು ಸಲ ಕೇಳಿದೆ. ಪ್ರತಿ ಸಲವೂ ಸದ್ದು ಬಂತು, ಹೆಸರು ಕೇಳುವ ಮುಖ ಬರಲಿಲ್ಲ. ಮಾನಿಟರ್ ತುಂಬ ಬರಿಯ ಬೂದು ಬಣ್ಣ, ನಡುವೆ ದಿಕ್ಕಿಲ್ಲದ ಮೌಸಿನ ಬಾಣ.

ಸಿಸ್ಟರ್ ನಮಗೆ ಕಾನ್ವೆಂಟ್‌ನಲ್ಲಿ ಫಿಸಿಕ್ಸ್ ಕಲಿಸಿದವರು. ಕರಾವಳಿಯಿಂದ ಇಪ್ಪತ್ತೈದರ ಹರೆಯದಲ್ಲಿ ಅವರು ಬೆಟ್ಟ ಹತ್ತಿ ಬಂದಾಗ ನನಗೆ ಹದಿನಾಲ್ಕು. ಬೇರೆ ನನ್ಸ್ ಪಾಠ ಬಿಟ್ಟು ಹೆಣಿಗೆಯ ಕಡ್ಡಿ ಹಿಡಿಯುವ ಇಳಿವಯಸ್ಸಿನಲ್ಲಿ ಇವರು ಸ್ಕ್ರೂಡ್ರೈವರ್ ಹಿಡಿದರು. ಶಾಲೆಗೆ ಯಾರೋ ದಾನ ಕೊಟ್ಟಿದ್ದ ಮುದಿ ಕಂಪ್ಯೂಟರ್‌ಗಳಿಗೆಲ್ಲ ಲಿನಕ್ಸ್ ಹಾಕಿ ಬದುಕಿಸಿದರು. "ಪುಕ್ಕಟೆ ಅಂತ ಅಲ್ಲ ಮಾರಾಯ್ತಿ, ಹೊಟ್ಟೆಯೊಳಗೆ ಎಂಥ ಉಂಟು ಅಂತ ಬಿಚ್ಚಿ ತೋರಿಸ್ತದೆ. ವೆರಿ ಆನೆಸ್ಟ್ ಸಿಸ್ಟಮ್," ಎನ್ನುತ್ತಿದ್ದರು. ನನಗೂ ಒಂದು ಜೋಡಿಸಿಕೊಟ್ಟರು. ಒಂದು ವರ್ಷ ಸಿಡಿಲಿಗೆ ಅದರ ಬೋರ್ಡಿನಲ್ಲಿ ಮಾನಿಟರ್ ಸಿಕ್ಕಿಸುವ ಜಾಗ ಸುಟ್ಟುಹೋದಾಗ, ಬೇರೆ ಗ್ರಾಫಿಕ್ಸ್ ಕಾರ್ಡ್ ತಂದು ತಮ್ಮ ಕೈಯಿಂದಲೇ ಕೂರಿಸಿದ್ದರು.

ನಾನು ಹೇಳುತ್ತಿರುವ ಸಂಜೆಯ ಹೊತ್ತಿಗೆ ಅವರ ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು. ಅಂಚು ಮಾತ್ರ ಉಳಿದಿತ್ತು. ನಿಮ್ಮನ್ನು ನೋಡಬೇಕೆಂದರೆ ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿ, ನಿಮ್ಮ ಭುಜದಾಚೆಗಿನ ಏನನ್ನೋ ನೋಡುತ್ತಿದ್ದರು. "ನೇರ ನೋಡಿದ್ರೆ ನೀನು ಆಬ್ಸೆಂಟ್, ಓರೆ ನೋಡಿದ್ರೆ ಪ್ರೆಸೆಂಟ್," ಎಂದು ನಗುತ್ತಿದ್ದರು. ಮರುದಿನ ಬೆಳಿಗ್ಗೆ ಅವರು ಕರಾವಳಿಗೆ, ವಯಸ್ಸಾದ ನನ್ಸ್ ಇರುವ ಮನೆಗೆ ಹೊರಡುವವರಿದ್ದರು. ಮತ್ತೆ ಕೊಡಗಿಗೆ ಬರುವ ಮಾತಿರಲಿಲ್ಲ. ಅದಕ್ಕೇ ಹುದಿಕೇರಿಯ ಹತ್ತಿರದ ನಮ್ಮ ಮನೆಗೆ ಟೀಗೆ ಬಂದಿದ್ದು. ಟೀಗೆ ಎನ್ನುವುದು ನೆಪ. ಬಂದದ್ದು ಫೋಟೋಗಳಿಗೆ.

ನಮಗೆ ಪಾಠ ಮಾಡುತ್ತಿದ್ದ ಕಾಲದಲ್ಲಿ ಅವರ ಹತ್ತಿರ ಒಂದು ಬಾಕ್ಸ್ ಕ್ಯಾಮೆರಾ ಇತ್ತು. ಅದರಲ್ಲಿ ತೆಗೆದ ನೆಗೆಟಿವ್‌ಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ನನಗೆ ಕೊಟ್ಟಿದ್ದರು; ಹೆಚ್ಚಿನವು ಪ್ರಿಂಟ್ ಆಗಿಯೇ ಇರಲಿಲ್ಲ. ಒಂದು ಮಳೆಗಾಲ ಪೂರ್ತಿ ಕೂತು ಸ್ಕ್ಯಾನ್ ಮಾಡಿದೆ. ಕೈಯಲ್ಲಿ ಹಿಡಿಯುವ ಫೋಟೋ ಅವರಿಗೆ ಕಾಣುವುದಿಲ್ಲ. ಹಾಲಿನಲ್ಲಿರುವ ದೊಡ್ಡ ಟೀವಿಯಲ್ಲಾದರೆ, ಹತ್ತಿರ ಕೂತರೆ, ಕಂಡೀತು. ಅದರಲ್ಲೂ ಒಂದು ಫೋಟೋ ಅವರು ನೋಡದೆ ಹೋಗಬಾರದು ಎಂದು ನನಗೆ ಹಟ. ಉದ್ದದ ಕೇಬಲ್ ತರಿಸಿ, ನನ್ನ ಕೋಣೆಯಿಂದ ವೆಂಟಿಲೇಟರ್ ಮೂಲಕ ಹಾಲಿಗೆ ಎಳೆದು, ಟೀವಿಯನ್ನೇ ಮುಖ್ಯ ಪರದೆ ಮಾಡಿ, ಪರೀಕ್ಷೆಯನ್ನೂ ಮಾಡಿಟ್ಟಿದ್ದೆ.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಹೂಮಳೆ ಬಂತು. ಕಾಫಿಗೆ ಬೇಕಾದ ಮಳೆ, ಬೈಯುವ ಹಾಗಿಲ್ಲ. ಆದರೆ ಗುಡುಗು. ಗುಡುಗಿದರೆ ನಮ್ಮ ಕಡೆ ಮೊದಲು ಕೈ ಹೋಗುವುದು ಪ್ಲಗ್ಗಿಗೆ. ಫ್ರಿಜ್ಜು, ಟೀವಿ, ಡಿಶ್ಶಿನ ವಯರು, ಇಂಟರ್ನೆಟ್ ಡಬ್ಬಿ ಎಲ್ಲವನ್ನೂ ಕಿತ್ತೆ. ಅವ್ವ ಮಿಂಚಿದಾಗಲೆಲ್ಲ ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದಳು. ನಾನು ಟೀವಿಗೆ ಹೊದಿಸುತ್ತೇನೆ, ಕಾನ್ವೆಂಟಿನಲ್ಲಿ ಕಲಿತ ಕ್ರಾಸ್ ಸ್ಟಿಚ್ ಹಾಕಿದ ಬಟ್ಟೆಯನ್ನು. ಮರುದಿನ ಕಂಪ್ಯೂಟರ್ ಹಚ್ಚಿದರೆ ಬೂದು ಪರದೆ. ಸಿಸ್ಟರ್ ಬರುವ ಹೊತ್ತಿಗೂ ಬೂದು ಪರದೆ.

"ಐದೂವರೆಗೆ ಹೊರಡ್ಬೇಕು ಸಿಸ್ಟರ್," ಎಂದ ಕಾನ್ವೆಂಟಿನ ಜೀಪ್ ಡ್ರೈವರ್, ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ. "ಕತ್ತಲಾದ್ರೆ ರೋಡಿಗೆ ಆನೆ ಇಳೀತಾವೆ. ಇವು ದುಬಾರೆ ಕ್ಯಾಂಪಿನ ಪಳಗಿದ ಆನೆಗಳಲ್ಲ, ಹೇಳಿದ್ದು ಕೇಳೋಕೆ."

ಸಿಸ್ಟರ್ ಹಾಲಿನ ಕುರ್ಚಿಯಲ್ಲಿ ಕೂತರು. ನಾನು ವಿಷಯ ಹೇಳಿದೆ. ಟೀ ಲೋಟ ಕೆಳಗಿಟ್ಟು, "ಕಾರ್ಡ್ ಬಿಚ್ಚು," ಎಂದರು.

ಡ್ರೈವರ್ ಟಾರ್ಚ್ ಹಿಡಿದ. ನಾನು ಪೆಟ್ಟಿಗೆಯ ಪಕ್ಕದ ತಗಡು ತೆಗೆದು, ಕಾರ್ಡನ್ನು ಕಿತ್ತು, ಸಿಸ್ಟರ್ ಕೈಗೆ ಕೊಟ್ಟೆ. ಅವರು ಮಗುವಿನ ಒಸಡು ನೋಡುವ ಹಾಗೆ ಬೆರಳಾಡಿಸಿ, ಮೂಗಿನ ಹತ್ತಿರ ಹಿಡಿದರು. "ಸುಟ್ಟ ವಾಸನೆ ಇಲ್ಲ. ರಬ್ಬರ್ ತಾ." ಪೆನ್ಸಿಲ್ ರಬ್ಬರಿನಿಂದ ಕಾರ್ಡಿನ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿದರು. ಮತ್ತೆ ಕೂರಿಸಿದೆ. ಢುಮ್, ಡುಡುಮ್. ಬೂದು.

"ಕಾರ್ಡ್ ಸತ್ತಿದೆ ಸಿಸ್ಟರ್."

"ಆ ಸದ್ದು ಬಂತಂದ್ರೆ ಬಾಗಿಲು ತೆಗೆದು ನಿಂತಿದೆ, ನಿನ್ನ ಹೆಸರು ಕೇಳ್ತಾ ಉಂಟು. ನಮಗೆ ಕಾಣ್ತಿಲ್ಲ ಅಷ್ಟೆ. ಬಾಣ ಅಲ್ಲಾಡ್ತದಾ?"

"ಅಲ್ಲಾಡ್ತದೆ. ಎಡಕ್ಕೆ ಹೋದ್ರೆ ಅಂಚಲ್ಲಿ ನಿಲ್ತದೆ. ಬಲಕ್ಕೆ ಹೋದ್ರೆ ನಿಲ್ಲೋದೇ ಇಲ್ಲ, ಗೋಡೆ ಒಳಗೇ ಹೋಗಿಬಿಡ್ತದೆ."

"ಹೌದಾ?" ಎಂದರು ಸಿಸ್ಟರ್. ಆ ದನಿ ನನಗೆ ಗೊತ್ತು. ಲ್ಯಾಬಿನಲ್ಲಿ ಯಾರದೋ ಪ್ರಯೋಗ ತಪ್ಪಿ, ಎಲ್ಲಿ ತಪ್ಪಿತೆಂದು ಅವರಿಗೆ ಹೊಳೆದಾಗ ಬರುತ್ತಿದ್ದ ದನಿ. "ಕಂಟ್ರೋಲ್, ಆಲ್ಟ್, ಎಫ್ ತ್ರೀ. ಮೂರೂ ಒಟ್ಟಿಗೆ."

ಬೂದು ಹೋಗಿ ಕಪ್ಪು ಬಂತು, ಮೇಲೆ ಬಿಳಿ ಅಕ್ಷರದ ಒಂದು ಸಾಲು. ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಒತ್ತಿದರೆ ಒಂದಕ್ಷರವೂ ಮೂಡಲಿಲ್ಲ.

"ಕೀಬೋರ್ಡೂ ಕೆಟ್ಟಿತು ಸಿಸ್ಟರ್."

"ಕೆಟ್ಟಿಲ್ಲ, ಅದು ಮರ್ಯಾದಸ್ತ. ಗುಟ್ಟು ತೋರಿಸಲ್ಲ. ಪೂರ್ತಿ ಒತ್ತು. ಎಂಥ ಪಾಸ್‌ವರ್ಡ್ ಇಟ್ಟಿದ್ದೀಯ?"

"ಅದನ್ನ ಹೇಳೋ ಹಾಗಿಲ್ಲ."

ಹೇಳುವ ಹಾಗಿರಲಿಲ್ಲ, ನಿಜ. ನಾವು ಹುಡುಗಿಯರು ಬೆನ್ನ ಹಿಂದೆ ಅವರಿಗೆ ಇಟ್ಟಿದ್ದ ಅಡ್ಡಹೆಸರು ಅದು.

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಅಂಗಳದಲ್ಲಿ ಡ್ರೈವರ್ ಜೀಪನ್ನು ಗೇಟಿನ ಕಡೆ ತಿರುಗಿಸಿ ನಿಲ್ಲಿಸುವುದು ಕೇಳಿಸಿತು. ಸಿಸ್ಟರ್ ಹಾಲಿನಿಂದ ಡಿಕ್ಟೇಶನ್ ಕೊಟ್ಟರು, ನಾನು ಕೋಣೆಯಲ್ಲಿ ಬರೆದೆ, ಒಂಬತ್ತನೇ ಕ್ಲಾಸಿನಂತೆಯೇ. ಸಿ, ಎ, ಟಿ, ಸ್ಪೇಸ್, ಸ್ಲ್ಯಾಶ್, ಎಸ್, ವೈ, ಎಸ್, ಸ್ಲ್ಯಾಶ್, ಕ್ಲಾಸ್, ಸ್ಲ್ಯಾಶ್, ಡಿ, ಆರ್, ಎಂ, ಸ್ಲ್ಯಾಶ್, ಸ್ಟಾರ್, ಸ್ಲ್ಯಾಶ್, ಸ್ಟೇಟಸ್. ಕಣ್ಣಿಲ್ಲದೆ ಅದಷ್ಟೂ ಅವರ ನೆನಪಿನಲ್ಲಿತ್ತು. "ಈಗ ಕಾರ್ಡ್ ತನ್ನ ತೂತುಗಳ ಹಾಜರಿ ತೆಗೀತದೆ. ಓದು."

"ಕನೆಕ್ಟೆಡ್. ಡಿಸ್‌ಕನೆಕ್ಟೆಡ್. ಡಿಸ್‌ಕನೆಕ್ಟೆಡ್. ಕನೆಕ್ಟೆಡ್."

"ಎಷ್ಟು ಮಂದಿ ಪ್ರೆಸೆಂಟ್?"

"ಇಬ್ಬರು."

"ನಿನ್ನ ಎದುರು ಎಷ್ಟು ಮಾನಿಟರ್ ಉಂಟು?"

"ಒಂದೇ."

"ಹಾಗಾದ್ರೆ ಯಾರೋ ಪ್ರಾಕ್ಸಿ ಹೇಳ್ತಿದ್ದಾರೆ. ಟೀವಿಯದ್ದು?"

"ಇಲ್ಲ ಸಿಸ್ಟರ್, ಗುಡುಗಿದಾಗ ಟೀವಿದು ಎಲ್ಲ ಕಿತ್ತಿದ್ದೀನಿ. ಕರೆಂಟೇ ಇಲ್ಲ ಅದಕ್ಕೆ."

"ಕಾರ್ಡಿನಿಂದ ಬರುವ ಕೇಬಲ್?"

ಗುಡುಗಿದಾಗ ಇಷ್ಟು ವರ್ಷದಿಂದ ಏನೇನು ಕೀಳುತ್ತಿದ್ದೆನೋ ಅಷ್ಟನ್ನೇ ಕಿತ್ತಿದ್ದೆ. ನಾಲ್ಕು ದಿನದ ಹಿಂದೆ ಬಂದ ಕೇಬಲ್ ನನ್ನ ಕೈಯ ಅಭ್ಯಾಸದಲ್ಲಿ ಇನ್ನೂ ಸೇರಿರಲಿಲ್ಲ. ತಲೆಯೆತ್ತಿ ನೋಡಿದೆ. ವೆಂಟಿಲೇಟರ್‌ನಿಂದ ಅದು ಕರಿಯ ಕೇರೆ ಹಾವಿನಂತೆ ಹಾಲಿಗೆ ಇಳಿದಿತ್ತು.

"ಟೀವಿ ಮಲಗಿದ್ರೂ ಕೇಬಲ್ ಇದ್ರೆ ಕಾರ್ಡಿಗೆ ಅದು ಪ್ರೆಸೆಂಟೇ," ಎಂದರು ಸಿಸ್ಟರ್. "ಮುಖ್ಯ ಪರದೆ ಅಂತ ನೀನೇ ಪಟ್ಟ ಕಟ್ಟಿದ್ದಿ, ಅಲ್ಲಿಗೇ ಹೋಗಿ ಕಾಯ್ತಾ ಉಂಟು. ಬಾಣ ಗೋಡೆಯೊಳಗೆ ಹೋದದ್ದೂ ಅಲ್ಲಿಗೇ. ಹಚ್ಚು."

ಹಾಲಿಗೆ ಓಡಿದೆ. ಎಪ್ಪತ್ತಮೂರರಲ್ಲಿ ಅದನ್ನು ಓಟ ಎನ್ನಬಹುದಾದರೆ. ಪ್ಲಗ್ ಹಾಕಿ, ಕ್ರಾಸ್ ಸ್ಟಿಚ್ಚಿನ ಗುಲಾಬಿಗಳನ್ನು ಎಳೆದು ತೆಗೆದೆ. ಕಪ್ಪು ಪರದೆಯಿಂದ ಹಿಂದಕ್ಕೆ ಬರುವ ಕೀಲಿ ಹೇಳಿಕೊಟ್ಟರು. ಒತ್ತಿ ಬಂದು ನೋಡಿದರೆ ಟೀವಿಯ ನಟ್ಟನಡುವೆ, ಸಿಸ್ಟರ್ ಮೊಣಕೈಯಿಂದ ಒಂದು ಮಾರು ದೂರದಲ್ಲಿ, ನನ್ನ ಹೆಸರು. ಕೆಳಗೆ ಪಾಸ್‌ವರ್ಡಿಗೆ ಖಾಲಿ ಜಾಗ. ಮಧ್ಯಾಹ್ನದಿಂದ ಹಾಗೇ ನಿಂತಿತ್ತು, ಪಾಪ.

"ಇಷ್ಟೇನಾ," ಎಂದ ಬಾಗಿಲಲ್ಲಿ ನಿಂತ ಡ್ರೈವರ್. "ಇದಕ್ಕೆ ಹೊಟ್ಟೆ ಬಗೆದ್ರಲ್ಲ ಅಮ್ಮ."

ಅರ್ಧ ಗಂಟೆ ಸಿಕ್ಕಿತು. ಸಿಸ್ಟರ್ ಕುರ್ಚಿಯನ್ನು ಟೀವಿಗೆ ಅಂಟಿಸಿ, ಕೆನ್ನೆ ಪರದೆಗೆ ಮಾಡಿ ಕೂತರು. ಮುಖಗಳಿಗಿಂತ ಜಡೆ ನೋಡಿ ಗುರುತು ಹಿಡಿದರು. ಇವಳು ಲೆಕ್ಕದಲ್ಲಿ ಕಳ್ಳಿ, ಇವಳ ಅಪ್ಪ ಕಿತ್ತಳೆ ತಂದುಕೊಡ್ತಿದ್ದ. ಕೊನೆಯಲ್ಲಿ, ನಾನು ಹಟ ಹಿಡಿದಿದ್ದ ಆ ಫೋಟೋ ಹಾಕಿದೆ. ಮೈದಾನದಲ್ಲಿ ಒಬ್ಬ ಯುವ ಸನ್ಯಾಸಿನಿ ಬಿಳಿ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಕಿ ಆಟದ ಸ್ಟಿಕ್ಕು ಬೀಸಿದ್ದಾಳೆ. ಬಾಯಿ ತೆರೆದು ನಗುತ್ತಿದ್ದಾಳೆ.

ಸಿಸ್ಟರ್ ಬಹಳ ಹೊತ್ತು ನೋಡಿದರು. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ.

"ನಮ್ಮಲ್ಲಿ ಆಗ ಕನ್ನಡಿ ಇಷ್ಟೇ ಇತ್ತು," ಎಂದು ಅಂಗೈ ತೋರಿಸಿದರು. "ನಾನು ಹೀಗಿದ್ದೆನಾ?" ಆಮೇಲೆ, "ಯಾರು ತೆಗೆದದ್ದು?"

"ಗೊತ್ತಿಲ್ಲ ಸಿಸ್ಟರ್."

"ಗೊತ್ತುಂಟು ನಿನಗೆ. ರೋಲಿಗೆ ಹನ್ನೆರಡು ಫೋಟೋ. ಆ ಸಲ ನನಗೆ ತೆಗೆಯಲು ಸಿಕ್ಕಿದ್ದು ಹನ್ನೊಂದೇ. ಐವತ್ತೊಂಬತ್ತು ವರ್ಷ ಕಾದೆ, ನೀನು ಬಾಯಿ ಬಿಡ್ತೀಯಾ ಅಂತ."

"ಸಾರಿ ಸಿಸ್ಟರ್."

"ಸಾರಿ ಬೇಡ. ಫೋಕಸ್ ಚೆನ್ನಾಗುಂಟು."

ನಮ್ಮ ಕಡೆಯ ಕಪ್ಪು ಹುಳಿರಸ ಕಾಚಂಪುಳಿಯ ಎರಡು ಬಾಟಲಿಗಳನ್ನು ಕಾಗದದಲ್ಲಿ ಸುತ್ತಿ ಅವರ ಚೀಲದಲ್ಲಿಟ್ಟೆ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ನಾನು ಮೆಟ್ಟಿಲ ಮೇಲೆ ನಿಂತೆ. ಜೀಪ್ ಕಾಫಿ ಒಣಗಿಸುವ ಕಣವನ್ನು ಬಳಸಿಕೊಂಡು ಹೊರಟಿತು. ಕಿಟಕಿಯಲ್ಲಿ ಸಿಸ್ಟರ್ ಕೈ ಎತ್ತಿ ಬೀಸುತ್ತಿದ್ದರು, ಮುಖ ಮಾತ್ರ ಪೂರ್ತಿ ಆ ಕಡೆ, ಮೆಣಸಿನ ಬಳ್ಳಿಗಳಿಗೆ.

"ಸಿಸ್ಟರ್, ಅಮ್ಮ ಈ ಕಡೆ ನಿಂತಿದ್ದಾರೆ," ಎಂದ ಡ್ರೈವರ್.

"ಗೊತ್ತುಂಟು ಮಾರಾಯ. ನೀನು ರೋಡ್ ನೋಡು."

ಹಾಗೆ ಮುಖ ತಿರುಗಿಸಿಕೊಂಡೇ, ಗೇಟು ದಾಟುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.