ಗಡ್ಡ ಮುಟ್ಟಿದರೆ ತಬಲಾ

ಬೆಳಿಗ್ಗೆ ದಾವಣಗೆರೆಯ ಮದುವೆಮನೆಯಲ್ಲಿ ಢೋಲಕ್, ಮಧ್ಯಾಹ್ನ ಹರಿಹರದಲ್ಲಿ ನಾಟಕ ಕಂಪನಿಗೆ ತಬಲಾ. ಐವತ್ತರ ದಶಕದಲ್ಲಿ ನಾನು ಯಾರು ಕರೆದರೂ ಹೋಗಿ ಬಾರಿಸುತ್ತಿದ್ದೆ. ಕಂಪನಿಯ ನಟರಿಗೂ ನನಗೂ ಒಂದು ಒಪ್ಪಂದವಿತ್ತು. ಮಾತು ಮರೆತವರು ಗಡ್ಡ ಮುಟ್ಟಿಕೊಳ್ಳಬೇಕು. ಪರದೆಯ ಹಿಂದಿನಿಂದ ಯಾರಾದರೂ ಮಾತು ಹೇಳಿಕೊಡುವವರೆಗೆ ನಾನು ತಬಲಾ ಬಾರಿಸುತ್ತಿರಬೇಕು.

ಒಂದು ಭಾನುವಾರ ರಾಜನ ಪಾತ್ರದವರು ಎರಡು ಮಾತಾಡುವಷ್ಟರಲ್ಲೇ ಗಡ್ಡ ಮುಟ್ಟಿದರು. ಬಾರಿಸಿದೆ. ಅವರು ನನ್ನನ್ನು ದುರುಗುಟ್ಟಿ ನೋಡಿ ಮಾತು ಮುಂದುವರಿಸಿದರು. ಮತ್ತೆ ಮುಟ್ಟಿದರು, ಮತ್ತೆ ಬಾರಿಸಿದೆ. ಮೂರನೇ ಸಲ ಬಾರಿಸುವಾಗ ಗಡ್ಡದಂಚಿನಲ್ಲಿ ಕೆಂಪು ಗಂದೆ ಕಂಡಿತು. ಗಡ್ಡ ಅಂಟಿಸಿದ್ದ ಹಾಳಾದ ಹೊಸ ಗೋಂದಿಗೆ ಅವರ ಕೆನ್ನೆ ತುರಿಸುತ್ತಿತ್ತು, ಅಷ್ಟೇ! ಇನ್ನು ಸತ್ತರೂ ಬಾರಿಸಬಾರದು ಎಂದುಕೊಂಡೆ. ಆದರೆ ನಾಲ್ಕನೇ ಸಲ ಅವರ ಕೈ ಗಡ್ಡಕ್ಕೆ ಹೋದದ್ದೇ ತಡ, ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಪರದೆ ಬಿದ್ದ ಮೇಲೆ ಅವರು ಕಿತ್ತ ಗಡ್ಡ ಹಿಡಿದುಕೊಂಡು ನೇರ ನನ್ನ ಬಳಿ ಬಂದರು. ಈ ಕಂಪನಿಯ ಅನ್ನದ ಋಣ ತೀರಿತು ಎನಿಸಿತು.

"ಮಾಸ್ತರೆ, ಮೂರು ಸಲ ಬರೇ ತುರಿಕೆರಿ. ಯಾಕ ಬಾರ್ಸಿದ್ರಿ?"

"ತಪ್ಪಾತ್ರಿ. ನಾಲ್ಕನೇದೂ..."

"ನಾಲ್ಕನೇ ಸಲ ಖರೇನೆ ಮರ್ತಿದ್ದೆ! ನೀವು ಸುಮ್ನೆ ಕುಂತಿದ್ರೆ ನನ್ ಮಾನ ಹೋಗ್ತಿತ್ತು."

ಆಮೇಲೆ ಆ ರಾಜನ ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೂ ನನ್ನ ಮಾತು ಕೇಳದ ಅದೇ ಕೈ.