ಭಟ್ರ ತಲೆಯಿಲ್ಲದ ಫೋಟೋ

ನಾನು ತೆಗೆದ ಫೋಟೋದಲ್ಲಿ ಭಟ್ರಿಗೆ ತಲೆ ಇಲ್ಲ. ಎಣ್ಣೆ ಕಲೆಯ ಬನಿಯನ್ ಉಂಟು, ಹೊಟ್ಟೆ ಹಿಡ್ಕೊಂಡ ಎರಡು ಕೈ ಉಂಟು, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ ಉಂಟು. ಪಕ್ಕದಲ್ಲಿ ನಾಯಿ, ಕಿವಿಯಿಂದ ಬಾಲದವರೆಗೆ ಒಂದು ಕೂದಲೂ ತಪ್ಪದೆ ಬಂದಿದೆ. ಭಟ್ರು ಮಾತ್ರ ಕುತ್ತಿಗೆ ಹತ್ರ ಮುಗಿದು ಹೋಗಿದ್ದಾರೆ.

ಇದೊಂದೇ ಮೂರ್ಖತನ ಮಾಡಿದ್ದು ಅಂತ ತಿಳ್ಕೊಳ್ಬೇಡಿ. ವಡಾಲದ ನಮ್ಮ ಹೋಟೆಲಲ್ಲಿ ನಾನು ಸಪ್ಲೈಯರ್. ಗಿರಾಕಿ ಕೇಳಿದ್ದೊಂದು ಬಿಟ್ಟು ಬಾಕಿ ಎಲ್ಲ ತಂದು ಕೊಟ್ಟವ ನಾನು. ಒಬ್ಬ ಸೇಠನ ಮಡಿಲಿಗೆ ಬಿಸಿ ಸಾಂಬಾರು ಸುರಿದು, ಗಾಬರಿಯಲ್ಲಿ "ಔರ್ ಚಾಹಿಯೇ?", ಇನ್ನೂ ಬೇಕಾ ಅಂತ ಕೇಳಿದವನೂ ನಾನೇ. ಆದ್ರೆ ಸಾಂಬಾರಿನ ಕಲೆ ತೊಳೆದ್ರೆ ಹೋಗ್ತದೆ.

ಭಟ್ರು ನಮ್ಮ ದೊಡ್ಡ ಅಡುಗೆಯವರು. ಬೆಳಗ್ಗೆ ಒಲೆ ಹತ್ತಿದಲ್ಲಿಂದ ಮಧ್ಯಾಹ್ನದ ಊಟ ಮುಗಿಯುವವರೆಗೆ ನಿಂತೇ ಇರುವ ಜನ. ಅಡುಗೆಮನೆಯಲ್ಲಿ ಅವರ ಬಾಯಿಂದ ಬರುವ ಮಾತು ಎರಡೇ, "ತೆಗಿ" ಮತ್ತು "ಇಡು". ಊಟದ ಗದ್ದಲ ಇಳಿದು ಸಂಜೆ ತಿಂಡಿ ಶುರುವಾಗುವ ನಡುವೆ ನಮಗೆ ಸ್ವಲ್ಪ ಪುರುಸೊತ್ತು. ಉಳಿದವರೆಲ್ಲ ಮೇಜಿನ ಮೇಲೆ ಹೆಣದ ಹಾಗೆ ಬಿದ್ಕೊಳ್ತಿದ್ರು. ಭಟ್ರು ಬೆಳಗ್ಗಿನ ಇಡ್ಲಿ ಎಲೆಯಲ್ಲಿ ಕಟ್ಕೊಂಡು ಹಿಂದಿನ ಬಾಗಿಲಿಂದ ಹೊರಗೆ ಹೋಗ್ತಿದ್ರು. ಅಲ್ಲಿ ಕರಟಿದ ದೋಸೆ ಬಣ್ಣದ ಒಂದು ಬೀದಿನಾಯಿ ಅವರಿಗಾಗಿ ಕಾಯ್ತಿತ್ತು. ಅದಕ್ಕೆ ಹೆಸರು ಅಂತ ಇರ್ಲಿಲ್ಲ. ಭಟ್ರು ಅದನ್ನೂ "ಮಾರಾಯಾ" ಅಂತಲೇ ಕರೀತಿದ್ದದ್ದು, ನನ್ನನ್ನೂ ಹಾಗೇ ಕರೀತಿದ್ದದ್ದು. "ಬಾ ಮಾರಾಯಾ" ಅಂದ ಕೂಡಲೇ ನಾವಿಬ್ಬರೂ ಓಡುವುದು. ಹೆಚ್ಚಾಗಿ ಮೊದಲು ಮುಟ್ಟುತ್ತಿದ್ದದ್ದು ನಾಯಿ.

ರೈಲಿನ ಹಳಿ ದಾಟಿ ಸ್ವಲ್ಪ ನಡೆದ್ರೆ ಉಪ್ಪಿನ ಗದ್ದೆಗಳು. ನೋಡ್ಲಿಕ್ಕೆ ಅಂಥಾ ಚಂದದ ಜಾಗ ಏನಲ್ಲ. ಕೆಸರು, ಕಾರ್ಖಾನೆ ಹೊಗೆ, ಕೊಳೆತ ಮೀನಿನ ವಾಸನೆ. ಆದ್ರೆ ನಮ್ಮ ಕೋಣೆಯಲ್ಲಿ ಮಗ್ಗುಲು ಬದಲಾಯಿಸಬೇಕಾದ್ರೂ ಪಕ್ಕದವನ ಪರ್ಮಿಷನ್ ಬೇಕು ಮಾರಾಯ್ರೇ. ಇಲ್ಲಿ ಕೈ ಚಾಚಿದ್ರೆ ಯಾರಿಗೂ ತಾಗ್ತಿರ್ಲಿಲ್ಲ. ನೀರಲ್ಲಿ ಆಕಾಶ ಬಿದ್ಕೊಂಡಿರ್ತಿತ್ತು, ಅದರ ಮೇಲೆ ಬೆಳ್ಳಕ್ಕಿಗಳು ಒಂದೊಂದೇ ಕಾಲೆತ್ತಿ ಇಡ್ತಾ, ಹೊಸ ಸೀರೆ ಉಟ್ಟ ಹೆಂಗಸರ ಹಾಗೆ ನಡೀತಿದ್ವು. ನಾಯಿ ಅವುಗಳ ಹಿಂದೆ ಓಡೋದು, ಹಕ್ಕಿಗಳು ನಾಲ್ಕು ಹೆಜ್ಜೆ ಆಚೆ ಹಾರಿ ಕೂರೋದು. ಇಷ್ಟೇ ಆಟ. ಭಟ್ರು ಬದುವಿನ ಮೇಲೆ ಕುಕ್ಕುರು ಕೂತು ನಾಯಿ ಹತ್ರ ಮಾತಾಡ್ತಿದ್ರು. ಇವತ್ತು ಸಾಂಬಾರಿಗೆ ಹುಳಿ ಹೆಚ್ಚಾಯ್ತು, ಧಣಿಗಳು ತೆಂಗಿನಕಾಯಿ ಕಮ್ಮಿ ಕೊಟ್ರು, ಇಂಥಾದ್ದೇ. ಅದೇ ಬಾಯಿ, ಒಲೆ ಎದುರಿಗೆ ಎರಡೇ ಮಾತಾಡುವ ಬಾಯಿ ಅಂತ ನಂಬ್ಲಿಕ್ಕೆ ಆಗ್ತಿರ್ಲಿಲ್ಲ.

ಆ ಕಾಲಕ್ಕೆ ನನಗೆ ಫೋಟೋದ ಹುಚ್ಚು ಹಿಡಿದಿತ್ತು. ಚೋರ್ ಬಜಾರಲ್ಲಿ ಒಂದು ಡಬ್ಬಿ ಕ್ಯಾಮೆರಾ ತಗೊಂಡಿದ್ದೆ. ಅದನ್ನು ಎದೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಸಣ್ಣ ಗಾಜಲ್ಲಿ ನೋಡ್ಬೇಕು. ಆ ಗಾಜಲ್ಲಿ ವಡಾಲ ಕೂಡ ಚಂದ ಕಾಣ್ತಿತ್ತು. ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ನೀರು, ಹಕ್ಕಿ, ನಾಯಿ, ಬಿಸಿಲು. ಎಷ್ಟೋ ಸಲ ಫಿಲಂ ಇಲ್ಲದೆಯೇ ಸುಮ್ಮನೆ ನೋಡ್ತಾ ನಿಲ್ತಿದ್ದೆ. ಫಿಲಂ ಹಾಕಿದಾಗ ಮಾತ್ರ ಕಷ್ಟ. ಗಾಜಲ್ಲಿ ಕಾಣುವುದು ಒಂದು, ಕಾಗದದ ಮೇಲೆ ಬರುವುದು ಇನ್ನೊಂದು. ಹೋಟೆಲಿನ ಅರ್ಧ ಜನರ ತಲೆ ನನ್ನ ಕೈಯಲ್ಲಿ ಹೋಗಿತ್ತು. ಮಾಟುಂಗಾದ ಸ್ಟುಡಿಯೋದವ ಒಮ್ಮೆ ಪ್ರಿಂಟ್ ಮುಖದ ಮೇಲೆ ಎಸೆದು, "ಅರೇ, ಯೇ ಫೋಟೋ ಹೈ ಯಾ ಕಸಾಯಿಖಾನಾ?" ಅಂತ ಕೇಳಿದ.

ಬೇಸಿಗೆ ಮುಗೀತಾ ಬಂದಾಗ ಊರಿಂದ ಬಂದವರೊಬ್ಬರ ಹತ್ರ ಭಟ್ರ ಹೆಂಡತಿ ಹೇಳಿ ಕಳಿಸಿದ್ರು. ಮನೆಯಲ್ಲಿ ಇವರದ್ದು ಒಂದು ಪಟವೂ ಇಲ್ಲ, ಈಗ ಹೇಗಿದ್ದಾರೆ ನೋಡ್ಬೇಕು, ಒಂದು ಫೋಟೋ ಕಳಿಸ್ಲಿಕ್ಕೆ ಹೇಳಿ ಅಂತ. ಭಟ್ರು ಊರಿಗೆ ಹೋಗದೆ ವರ್ಷಗಳೇ ಆಗಿತ್ತು. ದೊಡ್ಡ ಅಡುಗೆಯವರು ರಜೆ ಹಾಕಿದ್ರೆ ಹೋಟೆಲೇ ಮುಚ್ಬೇಕಾಗ್ತದೆ ಅಂತ ಧಣಿಗಳ ವಾದ.

"ಸ್ಟುಡಿಯೋಗೆ ಹೋಗುವ ಭಟ್ರೇ" ಅಂದೆ.

"ಅಲ್ಲಿ ಕೋಟು ಹಾಕಿಸಿ ಸುಳ್ಳು ಕಂಬದ ಪಕ್ಕ ನಿಲ್ಲಿಸ್ತಾರೆ. ನಾನೆಂತ ನಾಟಕದ ರಾಜನಾ? ನಿನ್ನ ಡಬ್ಬಿ ಉಂಟಲ್ಲ, ಅದ್ರಲ್ಲೇ ತೆಗಿ. ಮುಖ ಕಂಡ್ರೆ ಸಾಕು."

ಹೊಸ ಫಿಲಂ ಹಾಕ್ಕೊಂಡು ಉಪ್ಪಿನ ಗದ್ದೆಗೆ ಹೋದ್ವಿ. ಒಂದು ರೋಲಿಗೆ ಎಂಟು ಫೋಟೋ. ಬುದ್ಧಿ ಇದ್ದವ ಮೊದಲನೆಯದ್ದೇ ಭಟ್ರದ್ದು ತೆಗೀತಿದ್ದ. ನಾನು ಬೆಳ್ಳಕ್ಕಿ ತೆಗೆದೆ, ಮೋಡ ತೆಗೆದೆ, ನಾಯಿಯ ಬಾಲ ತೆಗೆದೆ. ಭಟ್ರು ಪಾಪ, ಮುಖ ತೊಳೆದು, ಕೂದಲು ಒದ್ದೆ ಮಾಡಿ ಬಾಚ್ಕೊಂಡು ಬದುವಿನ ಮೇಲೆ ನಿಂತೇ ಇದ್ರು. "ಆಯ್ತಾ ಮಾರಾಯಾ? ನನ್ನ ಸರದಿ ಬಂತಾ?" ಅಂತ ಆಗಾಗ ಕೇಳ್ತಿದ್ರು. ಕಡೆಗೆ ಒಂದೇ ಉಳೀತು. ಗಾಜಲ್ಲಿ ನೋಡ್ತಾ ಹಿಂದೆ ಹಿಂದೆ ಸರಿದೆ, ಒಂದು ಕಾಲು ಕೆಸರಿಗೆ ಇಳೀತು. ಕಾಲು ಎಳ್ಕೊಂಡೆ, ಚಪ್ಪಲಿ ಅಲ್ಲೇ ಉಳೀತು. ನಾಯಿ ಅದನ್ನು ಕಚ್ಕೊಂಡು ಓಡಿ ಹೋಗಿ ಭಟ್ರ ಕಾಲ ಹತ್ರ ಇಟ್ಟು, ಬಹುಮಾನ ಗೆದ್ದವರ ಹಾಗೆ ಕೂತಿತು. ಭಟ್ರು ನಗ್ಲಿಕ್ಕೆ ಶುರು ಮಾಡಿದ್ರು. ಹೊಟ್ಟೆ ಹಿಡ್ಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನನಗೂ ನಗು ತಡೀಲಿಲ್ಲ. ಒಂಟಿ ಕಾಲಲ್ಲಿ ಕುಣೀತಾ, ಡಬ್ಬಿ ಬಗ್ಗಿದ್ದೂ ಗೊತ್ತಾಗದೆ ಬಟನ್ ಒತ್ತಿಬಿಟ್ಟೆ.

ಪ್ರಿಂಟ್ ಬಂದಾಗ ನೋಡಿದ್ನಲ್ಲ, ಆ ಎಣ್ಣೆ ಬನಿಯನ್, ಆ ನಾಯಿ, ಆ ಚಪ್ಪಲಿ. ಚಪ್ಪಲಿಯ ಉಂಗುಷ್ಠ ಕೂಡ ಸ್ಪಷ್ಟ.

ಅವತ್ತೇ ಹೇಳಿದ್ರೆ ಒಂದು ಬೈಗುಳದಲ್ಲಿ ಮುಗೀತಿತ್ತು. ಮರುದಿನ ಬೆಳಗ್ಗೆ ಇಡ್ಲಿ ಹಬೆಯ ನಡುವಿಂದ ಭಟ್ರು "ಬಂತಾ ಮಾರಾಯಾ?" ಅಂತ ಕೇಳಿದ್ರು. "ಮಹಾರಾಜರ ಹಾಗೆ ಬಂದಿದೆ ಭಟ್ರೇ! ಸ್ಟುಡಿಯೋದವ ಅದನ್ನು ದೊಡ್ಡದು ಮಾಡ್ತಾ ಇದ್ದಾನೆ" ಅಂದೆ. ಇನ್ನೊಂದು ಫಿಲಂ ತಂದು, ನಾಯಿ ನೆಪದಲ್ಲಿ ಕದ್ದು ಅವರ ಮುಖ ತೆಗೆಯುವ ಅಂತ ನನ್ನ ಪ್ಲಾನ್. ಭಟ್ರು ಊರಿಗೆ ಹೊರಟವರ ಹತ್ರ "ಫೋಟೋ ಬರ್ತಾ ಉಂಟು" ಅಂತ ಹೆಂಡತಿಗೆ ಹೇಳಿ ಕಳಿಸಿದ್ರು.

ಮಳೆ ಹಿಡೀತು. ಬಿಸಿಲಿಲ್ಲದೆ ಆ ಡಬ್ಬಿ ಕುರುಡು. ಉಪ್ಪಿನ ಗದ್ದೆ ನೀರಲ್ಲಿ ಮುಳುಗಿತು, ನಾಯಿ ಹಿಂದಿನ ಬಾಗಿಲ ಮಾಡಿನ ಕೆಳಗೆ ಸೇರ್ಕೊಂಡಿತು. ಭಟ್ರಿಗೆ ಜ್ವರ ಬಂತು. ಜ್ವರದಲ್ಲೇ ಒಲೆ ಎದುರು ನಿಂತ್ರು. "ಒಲೆ ಬಿಸಿಯಾ, ಮೈ ಬಿಸಿಯಾ ಗೊತ್ತಾಗ್ತಿಲ್ಲ ಭಟ್ರೇ" ಅಂತ ನಾನು ತಮಾಷೆ ಮಾಡಿದೆ, ಎಲ್ಲರೂ ನಕ್ಕರು. ಆಮೇಲೊಂದು ದಿನ ಸೌಟು ಹಿಡ್ಕೊಂಡೇ ಕುಸಿದ್ರು. ಟೈಫಾಯ್ಡ್ ಅಂದ್ರು ಆಸ್ಪತ್ರೆಯಲ್ಲಿ.

ನೋಡ್ಲಿಕ್ಕೆ ಹೋದಾಗ ಮಂಚದ ಮೇಲೆ ಇದ್ದದ್ದು ಭಟ್ರು ಅಂತ ಗುರುತು ಹಿಡೀಲಿಕ್ಕೇ ಕಷ್ಟ ಆಯ್ತು. ಕೆನ್ನೆ ಒಳಗೆ ಹೋಗಿತ್ತು. ಮೆಲ್ಲಗೆ ಕೈ ಎತ್ತಿ ಮುಖ ಮುಟ್ಕೊಂಡ್ರು.

"ಆ ಫೋಟೋ ತಕೊಂಡು ಬಾ ಮಾರಾಯಾ. ಚೆನ್ನಾಗಿದ್ದಾಗ ಹೇಗಿದ್ದೆ ಅಂತ ಒಮ್ಮೆ ನೋಡುವ."

"ಫ್ರೇಮ್ ಹಾಕ್ಲಿಕ್ಕೆ ಕೊಟ್ಟಿದ್ದೇನೆ ಭಟ್ರೇ, ಗಾಜಿನ ಫ್ರೇಮ್."

"ಗಾಜು ಎಂತಕ್ಕೆ? ದಾರಿಯಲ್ಲಿ ಒಡೀತದೆ" ಅಂದ್ರು. ಅಷ್ಟೇ ಅಂದದ್ದು. ಮರುದಿನ ಬೆಳಗ್ಗೆ ಆಸ್ಪತ್ರೆಯಿಂದ ಹೋಟೆಲಿಗೆ ಸುದ್ದಿ ಬಂತು.

ಮಳೆಗಾಲ, ಊರ ಕಡೆಯ ಸ್ಟೀಮರ್ ಬಂದ್. ಊರಿಗೆ ತಂತಿ ಹೋಯ್ತು, ಊರಿಂದ ಯಾರೂ ಹೊತ್ತಿಗೆ ಮುಟ್ಟುವ ಹಾಗಿರ್ಲಿಲ್ಲ. ಧಣಿಗಳು ಆಸ್ಪತ್ರೆ ಹಿಂದಿನ ವರಾಂಡದಲ್ಲಿ ನನ್ನನ್ನು ಕರೆದ್ರು.

"ನಿನ್ನ ಡಬ್ಬಿ ಎಲ್ಲುಂಟು?"

"ಧಣಿಗಳೇ, ಈಗ...?"

"ಸುಡುವ ಮೊದ್ಲು ಮುಖ ತೆಗಿ. ನಾಳೆ ಅವರ ಮನೆಯವರು ಬಂದ್ರೆ ಎಂತ ತೋರಿಸುವುದು, ನಿನ್ನ ಮುಸುಡಾ?"

ಇಬ್ಬರು ಭಟ್ರನ್ನು ಕುರ್ಚಿಯಲ್ಲಿ ಕೂರಿಸಿ ಹಿಂದಿನಿಂದ ಹಿಡ್ಕೊಂಡ್ರು. ಡಬ್ಬಿಯನ್ನು ಸ್ಟೂಲಿನ ಮೇಲೆ ಇಟ್ಟು, ಬೆಳಕು ಕಮ್ಮಿ ಅಂತ ಅದರ ಕಿಂಡಿಯನ್ನು ತುಂಬಾ ಹೊತ್ತು ತೆರೆದೇ ಬಿಟ್ಟೆ. ಯಾರೂ ಅಲುಗಾಡಲಿಲ್ಲ. ಯಾವ ನಾಯಿಯೂ ಬರ್ಲಿಲ್ಲ. ನನ್ನ ಜೀವನದಲ್ಲಿ ಒಂದು ತಲೆ ಪೂರ್ತಿಯಾಗಿ ಬಂದದ್ದು ಅದೇ.

ಮಾಟುಂಗಾದ ಸ್ಟುಡಿಯೋದವ ಈ ಸಲ ತಮಾಷೆ ಮಾಡ್ಲಿಲ್ಲ. ಮುಚ್ಚಿದ ಕಣ್ಣಿನ ಮೇಲೆ ಸಣ್ಣ ಬ್ರಶ್ಶಲ್ಲಿ ತೆರೆದ ಕಣ್ಣು ಬರೆದು ಕೊಟ್ಟ. ಹಾಗೆ ಮಾಡುವುದು ರೂಢಿ ಅಂತೆ. ದೊಡ್ಡ ದೊಡ್ಡ ಕಣ್ಣು, ಯಾವುದೋ ಕ್ಯಾಲೆಂಡರಿನ ದೇವರದ್ದು. ಭಟ್ರ ಮುಖದೊಳಗಿಂದ ಬೇರೆ ಯಾರೋ ಹೆದರ್ಕೊಂಡು ಇಣುಕಿದ ಹಾಗೆ ಕಾಣ್ತಿತ್ತು.

ನಾಯಿ ಕೆಲವು ದಿನ ಹಿಂದಿನ ಬಾಗಿಲಲ್ಲಿ ಕೂತಿತ್ತು. ನಾನು ಇಡ್ಲಿ ಇಟ್ರೆ ಮೂಸಿ ನೋಡಿ ಬಿಡ್ತಿತ್ತು. ಆಮೇಲೆ ಎದುರಿನ ಇರಾನಿ ಹೋಟೆಲಿಗೆ ಹೋಗಿ ಸೇರ್ಕೊಂಡಿತು. ಅಲ್ಲಿ ಮೂಳೆ ಸಿಗ್ತಿತ್ತು. ಇಷ್ಟು ವರ್ಷ ಇಡ್ಲಿ ತಿಂದದ್ದು ಭಟ್ರ ದಾಕ್ಷಿಣ್ಯಕ್ಕೇ ಇರ್ಬೇಕು.

ಮಳೆ ಬಿಟ್ಟು ಸ್ಟೀಮರ್ ಶುರುವಾದ ಮೇಲೆ ಭಟ್ರ ಮಗ ಬಂದ. ನನ್ನದೇ ವಯಸ್ಸು, ಅಪ್ಪನದ್ದೇ ಹಣೆ. ಟ್ರಂಕು ತಗೊಂಡ, ಧಣಿಗಳು ಕೊಟ್ಟ ಚಾ ಕುಡಿದ. ನಾನು ಕಣ್ಣು ಬರೆಸಿದ ಫೋಟೋ ಕೊಟ್ಟೆ. ಸುಮಾರು ಹೊತ್ತು ನೋಡಿದ.

"ಅಪ್ಪಯ್ಯನ ಕಣ್ಣು ಹೀಗಿತ್ತಾ?" ಅಂತ ಕೇಳಿದ. ನಾನು ಟ್ರಂಕಿನ ಮುಚ್ಚಳ ಎತ್ತಿ ಹಿಡಿದೆ. ಅವನು ಅದನ್ನು ಟವೆಲಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟ.

ಆಗ ನನಗೆ ತಡ್ಕೊಳ್ಲಿಕ್ಕೆ ಆಗ್ಲಿಲ್ಲ. ಹಾಸಿಗೆ ಕೆಳಗಿಂದ ಇನ್ನೊಂದು ಫೋಟೋ ತಂದು, ನಡೆದದ್ದೆಲ್ಲ ಹೇಳಿದೆ. ಬೆಳ್ಳಕ್ಕಿ, ಕೆಸರು, ಚಪ್ಪಲಿ, ಫ್ರೇಮಿನ ಸುಳ್ಳು. ಬಯ್ತಾನೆ, ಹೊಡೆದ್ರೂ ಹೊಡೆದಾನು ಅಂತ ಮೈ ಗಟ್ಟಿ ಮಾಡ್ಕೊಂಡಿದ್ದೆ.

ಅವನು ಆ ಎರಡು ಕೈಗಳ ಮೇಲೆ ಬೆರಳಿಟ್ಟ. "ಇಲ್ಲಿ ಎಂತ ಮಾಡ್ತಿದ್ದಾರೆ? ಹೊಟ್ಟೆ ನೋವಾ?"

"ಅಲ್ಲ. ನಗ್ತಿದ್ದಾರೆ. ನನ್ನ ಅವಸ್ಥೆ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ರು."

"ಅಪ್ಪಯ್ಯನಾ?"

"ಹೌದು. ನಾಯಿ ಹತ್ರ ದಿನಾ ಮಾತಾಡ್ತಿದ್ರು."

ಅವನು ಫೋಟೋವನ್ನು ಇನ್ನೊಮ್ಮೆ ನೋಡಿ ನನ್ನ ಕೈಗೇ ವಾಪಸ್ ಕೊಟ್ಟ. ಟ್ರಂಕು ಎತ್ಕೊಂಡು ಬಾಗಿಲವರೆಗೆ ಹೋದವ ನಿಂತು ಹೇಳಿದ.

"ತಲೆ ಬಾರದ್ದೇ ಒಳ್ಳೇದಾಯ್ತು. ಮನೆಗೆ ಬಂದ್ರೆ ಅವರು ಗೋಡೆ ಕಡೆ ತಿರುಗಿ ಮಲಗ್ತಿದ್ರು, ಅಷ್ಟೇ. ಅವರು ನಕ್ಕದ್ದು ಅಮ್ಮ ಒಂದು ದಿನವೂ ನೋಡಿದವರಲ್ಲ. ಆ ನಗುವ ಮುಖ ನೋಡಿದ್ರೆ ಅಮ್ಮ ಬದುಕ್ತಿರ್ಲಿಲ್ಲ."